ಅಂಕಲ್, ನೀವೇ ಬಂದು ಕೇಳಬೇಕು

ಅಂಕಲ್,

ಯಾದಗಿರಿಯಿಂದ ಶಿವಾನಿಯ ಶರಣು. ಇಲ್ಲಿ ನಾನು, ಹೊಟ್ಟೆಯೊಳಗಿನ ಕೂಸು, ನಿಮ್ಮ ಅಳಿಯ ಸುನೀಲಕುಮಾರ, ಎಲ್ಲರೂ ಚೆನ್ನಾಗಿದ್ದೇವೆ. ಫೋನ್ ಇರುವಾಗ ಈ ಹುಡುಗಿಗೆ ಪತ್ರದ ಹುಚ್ಚು ಯಾಕೆ ಹಿಡಿಯಿತು ಎಂದುಕೊಳ್ಳಬೇಡಿ. ನೀವು ಫೋನ್ ಎತ್ತಿದ ಕೂಡಲೇ "ಏ ಚಂದ್ರಕಲಾ, ನಿನ್ನ ಮಗಳು" ಎಂದು ಅವ್ವನ ಕೈಗೆ ದಾಟಿಸಿಬಿಡುತ್ತೀರಿ. ಪತ್ರವನ್ನು ಹಾಗೆ ದಾಟಿಸಲು ಬರುವುದಿಲ್ಲ, ಇದರ ಮೇಲೆ ನಿಮ್ಮ ಹೆಸರಿದೆ.

ನಿಮ್ಮ ಮೇಲೆ ನನಗೆ ಸಿಟ್ಟಿದೆ. ನನ್ನ ಕುಬುಸದ ಕಾರ್ಯಕ್ಕೆ ಹಸಿರು ಸೀರೆ ತಂದು, ಉಡಿಸಿ, ಬಾಣಂತನಕ್ಕೆ ತವರಿಗೆ ಕರೆದೊಯ್ಯಲು ದೋರನಹಳ್ಳಿಯ ಬಸವಂತ ಕಾಕಾ ಬರುತ್ತಾರಂತೆ. ನೀವು ಶಹಾಪುರದಲ್ಲೇ ಉಳಿಯುತ್ತೀರಂತೆ. "ಅಕಿ ಅಪ್ಪನ ಖಾಸ ತಮ್ಮ ಇದ್ದಾನ, ಅಂವ ಹೋಗೋದು ಚಂದ. ನಡುವ ನಾ ಯಾಕ?" ಎಂದಿರಂತೆ. ಇದನ್ನು ಹೇಳುವಾಗ ಅವ್ವನ ದನಿ ಇಳಿದುಹೋಗಿತ್ತು.

ಹೆತ್ತ ಅಪ್ಪ ತೀರಿಕೊಂಡಾಗ ನಾನು ತೊಟ್ಟಿಲಲ್ಲಿದ್ದೆ. ಅವ್ವ ನಿಮ್ಮನ್ನು ಮದುವೆಯಾದಾಗ ಶಾಲೆಯಲ್ಲಿ ಎರಡನೇ ಇಯತ್ತೆ. ಆ ಸಂಜೆ ನಮ್ಮ ಮನೆಯಲ್ಲಿ ನಡೆದ ಪಂಚಾಯಿತಿ ನೆನಪಿದೆಯೇ? ನಾನು ನಿಮ್ಮನ್ನು ಏನೆಂದು ಕರೆಯಬೇಕು ಎಂಬುದೇ ತಕರಾರು. ಅಪ್ಪ ಅನ್ನು ಎಂದಳು ಅವ್ವ. ನಾನು ಗೋಡೆಯ ಮೇಲಿನ ಫೋಟೊ ನೋಡುತ್ತ ಬಾಯಿ ಬಿಗಿಹಿಡಿದು ಕೂತೆ. ಪಕ್ಕದ ಮನೆಯ ಮರಿಲಿಂಗಮ್ಮ "ಕಾಕಾ ಅನ್ಲಿ ಬಿಡ್ರಿ" ಎಂದರು. ಅವ್ವನ ತಾಯಿ ಒಪ್ಪಲಿಲ್ಲ. "ಕಾಕಾ ಅಂದ್ರ ನನ್ನ ಮಗಳಿಗಿ ಮೈದುನ ಆಗ್ತಾನ." ಹಾಗಾದರೆ ಮಾಮಾ? "ಥೂ, ಮಾಮಾ ಅಂದ್ರ ಅಣ್ಣ ಆದಂಗಾತು! ಬುದ್ಧಿ ಐತೇನ ನಿಮಗ?" ನೀವು ಚಪ್ಪಲಿ ಬಿಡುವ ಜಾಗದಲ್ಲೇ ನಿಂತು, ಬಸ್ ಡಿಪೋದ ಗ್ರೀಸು ಹೋಗದ ಉಗುರುಗಳನ್ನು ನೋಡಿಕೊಳ್ಳುತ್ತಿದ್ದಿರಿ. ಕೊನೆಗೆ ಮೆಲ್ಲಗೆ, "ಅಂಕಲ್ ಅನ್ಲಿ ಬಿಡ್ರಿ. ಅದಕ್ಕ ಯಾರೂ ಬ್ಯಾಸರ ಮಾಡ್ಕೊಳ್ಳಂಗಿಲ್ಲ" ಎಂದಿರಿ.

ಮುಂದೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಸರ್ ಆ ಶಬ್ದದ ಅರ್ಥ ಬರೆಸಿದರು. ದೊಡ್ಡಪ್ಪ, ಕಾಕಾ, ಸೋದರಮಾವ, ಅತ್ತೆಯ ಗಂಡ, ಚಿಕ್ಕಮ್ಮನ ಗಂಡ, ಎಲ್ಲರೂ ಅಂಕಲ್. ನನ್ನ ಪಕ್ಕ ಕೂರುತ್ತಿದ್ದ ರೇವತಿ ಎದ್ದು, "ಹಂಗಾದ್ರ ಯಾರ ಮನ್ಯಾಗ ಹೆಣ್ಣು ತರಬೇಕು, ಯಾರ ಮನ್ಯಾಗ ತರಬಾರ್ದು ಅಂತ ಅವರಿಗಿ ಹೆಂಗ ಗೊತ್ತಾಗ್ತದ್ರಿ ಸರ್?" ಎಂದಳು. ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಆದರೆ ಅಷ್ಟು ಉದ್ದದ ಅರ್ಥದಲ್ಲಿ, ನನಗೆ ಜ್ವರ ಬಂದಾಗ ಹೆಗಲ ಮೇಲೆ ಹೊತ್ತುಕೊಂಡು ದವಾಖಾನೆಗೆ ಓಡುವ ಅವ್ವನ ಗಂಡನಿಗೆ ಎಲ್ಲೂ ಜಾಗವಿರಲಿಲ್ಲ.

ಈಗ ನಮ್ಮ ಓಣಿಯಲ್ಲಿ ಹಾಲು ಹಾಕುವವರು, ಮೀಟರ್ ನೋಡಲು ಬರುವವರು, ಎಲ್ಲರೂ ಅಂಕಲ್‌ಗಳೇ. ಎದುರು ಮನೆಯ ಹುಡುಗಿ ನಿಮ್ಮ ಅಳಿಯನನ್ನು ಅಂಕಲ್ ಎಂದಾಗಿನಿಂದ ಅವರು ಕನ್ನಡಿ ಬಿಟ್ಟು ಸರಿಯುವುದಿಲ್ಲ. ನಾನು ಮಾತ್ರ ಇನ್ನೊಬ್ಬರನ್ನು ಹಾಗೆ ಕರೆದವಳಲ್ಲ. ಕಂಡಕ್ಟರ್ ನನಗೆ ಅಣ್ಣ, ಕಿರಾಣಿ ಅಂಗಡಿಯವರು ಕಾಕಾ. ಅಂಕಲ್ ಎಂದರೆ ನೀವೊಬ್ಬರೇ.

ನನ್ನ ಮದುವೆಯ ದಿನವನ್ನು ಮರೆಯಲು ಆಗುತ್ತಿಲ್ಲ. ಗುರುಮಠಕಲ್‌ನಿಂದ ಬಂದಿದ್ದ ಸುನೀಲರ ಸೋದರಮಾವ ಮಲ್ಲಣ್ಣನವರು ನಿಮ್ಮನ್ನು "ಹುಡುಗಿಗಿ ನೀವು ಏನಾಗಬೇಕ್ರಿ?" ಎಂದು ಕೇಳಿದರು. ನೀವು "ಗುರ್ತಿನವ್ರಿ" ಎಂದು ಹೇಳಿ ಅಡುಗೆಯವರ ಕಡೆ ನಡೆದುಬಿಟ್ಟಿರಿ. ಹಂದರ ಹಾಕಿಸಿದವರು ನೀವು, ಜನರನ್ನು ಕರೆದವರು ನೀವು. ಬೀಗರಿಗೆ ಬಟ್ಟೆ ಕೊಡುವ ಹೊತ್ತಿಗೆ ಮಲ್ಲಣ್ಣನವರು ಕಾಕಾನಿಗೆ ಧೋತರ ಕೊಟ್ಟು, ಗುರುತಿನವರಿಗೆಂದು ತಂದ ಟವೆಲ್ಲೊಂದನ್ನು ನಿಮ್ಮ ಹೆಗಲಿಗೆ ಹಾಕಿದರು. ನೀವು ಕೈ ಮುಗಿದು ಹಾಕಿಸಿಕೊಂಡಿರಿ. ಅಕ್ಷತೆ ಮೆತ್ತಿದ ಮುಖದಲ್ಲಿ ನಾನು ಅತ್ತದ್ದು ತವರು ಬಿಡುವ ದುಃಖಕ್ಕೆ ಎಂದು ಎಲ್ಲರೂ ತಿಳಿದರು.

ಈ ಸಲ ಹಾಗಾಗಲು ನಾನು ಬಿಡುವುದಿಲ್ಲ. ಕುಬುಸದ ಊಟವಾದ ಮೇಲೆ ತವರಿನ ಹಿರಿಯರು ಎದ್ದು ನಿಂತು, "ನಮ್ಮ ಮಗಳನ್ನ ಕಳಿಸಿಕೊಡ್ರಿ" ಎಂದು ಬೀಗರನ್ನು ಕೇಳಬೇಕು. ಕೇಳದೆ ನಮ್ಮ ಅತ್ತೆ ಹೊಸ್ತಿಲು ದಾಟಿಸುವುದಿಲ್ಲ. ಕಾಕಾ ಒಳ್ಳೆಯವರು, ಅವರೂ ಬರಲಿ, ನಿಮ್ಮ ಪಕ್ಕದಲ್ಲಿ ಕೂತು ಹೋಳಿಗೆ ಉಣ್ಣಲಿ. ಕೇಳುವುದು ಮಾತ್ರ ನೀವು.

ನಿಮ್ಮನ್ನು ಅಪ್ಪ ಎನ್ನಲು ನನ್ನಿಂದಾಗದು. ಆ ಹೆಸರು ಗೋಡೆಯ ಫೋಟೊದ್ದು. ಅದರ ಧೂಳು ಒರೆಸುವವರೂ ನೀವೇ, ಹಾಗಾಗಿ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಅಂಕಲ್ ಎಂಬುದು ಬಾಯಿಗೆ ಹತ್ತಿದೆ, ಅದರಲ್ಲೇ ನನ್ನ ಪ್ರೀತಿಯೆಲ್ಲ ಇದೆ. ಆದರೆ ನಾನು ನಿಮಗೆ ಏನಾಗಬೇಕು ಎನ್ನುವುದಕ್ಕೆ ಇಂಗ್ಲಿಷ್ ಬೇಕಿಲ್ಲ ಅಂಕಲ್. ಹುಟ್ಟುವ ಕೂಸಿಗಂತೂ ಈ ತಕರಾರೇ ಇಲ್ಲ, ಅದಕ್ಕೆ ನೀವು ಅಜ್ಜನೇ. ಯಾರ ಅಪ್ಪಣೆಯನ್ನೂ ಕೇಳದೆ ಅದು ನಿಮ್ಮನ್ನು ಮುತ್ಯಾ ಎನ್ನುತ್ತದೆ.

ಬನ್ನಿ. ಮಲ್ಲಣ್ಣನವರೂ ಬರುತ್ತಾರೆ, ಅವರಿಗೂ ಕೇಳಿಸುವಂತೆ ಆ ಮಾತನ್ನು ಜೋರಾಗಿ ಹೇಳಿ. ನಿಮ್ಮ ದನಿ ಕೇಳಿಸುವವರೆಗೆ ಒಳಗಿನ ಕೋಣೆಯಿಂದ ನಾನು ಏಳುವುದಿಲ್ಲ. ಬಿಸಿಲು ಬಹಳ ಇದೆ, ತಲೆಗೆ ಟವೆಲ್ ಸುತ್ತಿಕೊಂಡು ಬನ್ನಿ. ಆ ಟವೆಲ್ ಬೇಡ, ಬೇರೆಯದು.

ನನ್ನನ್ನು ಹೊತ್ತ ಹೆಗಲು ನನ್ನ ಕೂಸನ್ನೂ ಹೊರುವಷ್ಟು ಗಟ್ಟಿಯಾಗಿರಲಿ.

ನಿಮ್ಮ ಮಗಳು,
ಶಿವಾನಿ