ಬೆಳ್ಳ್ಯಾನ ಮೂವತ್ತಾರು ಕಡ್ಡಿ

14 ನವೆಂಬರ್ 1983, ಬೆಳಿಗ್ಗೆ 8.40

ನಾಲ್ಕೂ ಕಂಟೇನರಿಗೆ ನೈಟ್ರೋಜನ್ ತುಂಬಿದ್ದಾಯಿತು. ಮರದ ಸ್ಕೇಲ್ ಇಳಿಸಿ ನೋಡಿದೆ — ಹಿಮ ಹಿಡಿದದ್ದು ಒಂಬತ್ತು ಇಂಚು. ಸಾಕು.

ಜರ್ಸಿ ಹೋರಿಯ ವೀರ್ಯಕ್ಕೆ ಇವತ್ತೂ ಬೇಡಿಕೆ. ವೀರ್ಯ ತುಂಬಿದ ನಾನೂರು ಪ್ಲಾಸ್ಟಿಕ್ ಕಡ್ಡಿ. ಹೋಗಲಿ, ಜನಕ್ಕೆ ಹಾಲು ಬೇಕಲ್ಲ. ಕೆ.ವಿ. ಕೇಳಿದವರು ಒಬ್ಬರೂ ಇಲ್ಲ. ತಳಿಯ ಹೆಸರು ಕೃಷ್ಣಾ ವ್ಯಾಲಿ ಎಂದು ಪೂರ್ತಿ ಬರೆಯಲು ನಮ್ಮ ಆಫೀಸಿನವರಿಗೆ ಕೈ ನೋವು. ರಿಜಿಸ್ಟರಿನಲ್ಲಿ ಎರಡೇ ಅಕ್ಷರ.

ಎಲ್ಲರೂ ಟೀಗೆ ಹೋದ ಮೇಲೆ ನಮ್ಮ ಕೆ.ವಿ. ಹೋರಿ ಬೆಳ್ಳ್ಯಾನ ಡಬ್ಬಿಯನ್ನು ಕಂಟೇನರಿನಿಂದ ಮೇಲೆತ್ತಿ ನೋಡಿದೆ. ಕಡ್ಡಿ ಒಂದೊಂದೇ ಎಣಿಸಿದೆ. ಮೂವತ್ತಾರು. ಇದ್ದಾನೆ. ಅಪ್ಪ ಬೆಳಿಗ್ಗೆ ಎದ್ದವನೇ ಕೊಟ್ಟಿಗೆಗೆ ಹೋಗಿ ಹೋರಿಯ ಮುಖ ನೋಡುತ್ತಿದ್ದ, ಆಮೇಲೆ ಮುಖ ತೊಳೆಯುವುದು. ನನಗೂ ಅದೇ ಚಾಳಿ.

2 ಡಿಸೆಂಬರ್

ಬೆಳ್ಳ್ಯಾ ಸತ್ತು ಇವತ್ತಿಗೆ ಎರಡು ವರ್ಷ. ಲ್ಯಾಬಿನ ಹಿಂದೆ, ನೀಲಗಿರಿ ಮರಗಳ ಆಚೆ ಮಣ್ಣು ಮಾಡಿದ್ದು. ಜಾಗ ಗೊತ್ತಾಗದ ಹಾಗೆ ಹುಲ್ಲು ಬೆಳೆದಿದೆ.

ಕೃಷ್ಣಾ ಹೊಳೆದಂಡೆಯ ನಮ್ಮ ಹಿತ್ತಲಿನಲ್ಲೇ ಹುಟ್ಟಿದವನು. 74ರಲ್ಲಿ ಸರ್ಕಾರದವರು ಕೊಂಡರು. ಲಾರಿಯಲ್ಲಿ ಅವನ ಜೊತೆ ನಾನೂ ಬಂದೆ, ಹೋರಿ ನೋಡಿಕೊಳ್ಳುವ ಕೆಲಸಕ್ಕೆ. ಅವನು ಹೋದ ಮೇಲೆ ನನ್ನನ್ನು ಲ್ಯಾಬಿನ ಅಟೆಂಡರ್ ಮಾಡಿದರು. ಊರಲ್ಲಿ ಈಗ ಎಲ್ಲ ಟ್ರ್ಯಾಕ್ಟರ್. ಅಷ್ಟು ದೊಡ್ಡ ಎತ್ತು ಯಾರಿಗೂ ಬೇಡ. ಹೋದ ವರ್ಷ ಹೋಗಿದ್ದಾಗ ನಮ್ಮ ಓಣಿಯಲ್ಲಿ ಆ ತಳಿಯ ಬಾಲವೂ ಕಾಣಲಿಲ್ಲ.

ಅವನ ಕರು ಒಂದು ನೋಡಬೇಕು. ಇಲ್ಲಿ ಇರುವಷ್ಟು ದಿನ ಅವನಿಗೆ ಅವನ ಜಾತಿಯ ಆಕಳೇ ಸಿಗಲಿಲ್ಲ. ಒಂದೇ ಒಂದು ಕರು... ಬೂದು ಬಣ್ಣದ್ದು, ಕಿವಿ ಜೋತದ್ದು. ಬೇರೆ ಏನೂ ಕೇಳುವುದಿಲ್ಲ.

9 ಜನವರಿ 1984

ನಂಬಲಾಗುತ್ತಿಲ್ಲ.

ಹನ್ನೊಂದರ ಹೊತ್ತಿಗೆ ಜಾಲಹಳ್ಳಿಯಿಂದ ಒಬ್ಬ ಹೆಣ್ಣುಮಗಳು ಬಂದಳು. ಇಳಕಲ್ ಸೀರೆ. ಹೆಸರು ರತ್ನವ್ವ. ಗಂಡ ಮಹಾಲಿಂಗಪ್ಪ ಅಲ್ಲಿನ ಫ್ಯಾಕ್ಟರಿಯಲ್ಲಿದ್ದಾನೆ. ಸೀದಾ ನಮ್ಮ ನಜೀರ್ ಡಾಕ್ಟರ ಟೇಬಲ್ ಮುಂದೆ ನಿಂತಳು.

"ನಮ್ಮ ಆಕಳಕ್ಕ ನಿಮ್ಮ ಜರ್ಸಿ ಗಿರ್ಸಿ ಬ್ಯಾಡ್ರಿ. ನಮ್ಮ ಹೊಳಿದಂಡಿ ಹೋರೀದು ಐತೇನ್ರಿ?"

ಡಾಕ್ಟರು ನನ್ನ ಮುಖ ನೋಡಿದರು. ನಾನು "ಐತವ್ವಾ" ಎನ್ನುವಷ್ಟರಲ್ಲಿ ಕಣ್ಣಲ್ಲಿ ನೀರು. ನಾಚಿಕೆಗೇಡು.

ಮದುವೆಯಾಗಿ ಬರುವಾಗ ತವರಿನ ಕರುವನ್ನೂ ಗೂಡ್ಸ್ ಲಾರಿಯಲ್ಲಿ ತಂದಿದ್ದಳಂತೆ. ಅದೇ ಈಗ ಹನ್ನೆರಡು ವರ್ಷದ ಆಕಳು.

11 ಜನವರಿ

ಜಾಲಹಳ್ಳಿಗೆ ಹೋಗಿ ಆಕಳು ನೋಡಿ ಬಂದೆವು. ಅಪ್ಪಟ ತಳಿ. ಅದರ ಕೊರಳಿಗೆ ಮುಖ ಒತ್ತಿ ನಿಂತುಬಿಟ್ಟೆ. ನಮ್ಮ ಕೊಟ್ಟಿಗೆಯ ವಾಸನೆ. ಹತ್ತು ವರ್ಷವಾಗಿತ್ತು.

ಡಾಕ್ಟರು ಗರ್ಭಚೀಲ ಪರೀಕ್ಷೆ ಮಾಡಿದರು. "ವಯಸ್ಸಾಗಿದೆ. ಆದ್ರೂ ಒಂದು ಕರು ಕೊಡುತ್ತೆ ಕಣಪ್ಪ ಚನ್ನಪ್ಪ. ಬೆದೆಗೆ ಬಂದ ದಿನಾನೇ ತಿಳಿಸ್ಲಿ" ಎಂದರು.

ಮಹಾಲಿಂಗಪ್ಪನ ಮಾತು ಬೇರೆ. "ಗಬ್ಬಾದ್ರ ಇಟ್ಕೋತೀನ್ರಿ. ಇಲ್ಲಾಂದ್ರ ಯುಗಾದಿಯೊಳಗ ಮಾರೂದs. ಕ್ವಾರ್ಟರ್ಸ್‌ನ್ಯಾಗ ಗೊಡ್ಡ ದನಾ ಕಟ್ಟಾಕ ಬಿಡಂಗಿಲ್ರಿ." ರತ್ನವ್ವ ಸೆರಗು ಕಚ್ಚಿ ಒಳಗೆ ಹೋದಳು.

21 ಜನವರಿ

ಇವತ್ತು ಬೆಳ್ಳ್ಯಾನನ್ನು ಎರಡು ಸಲ ಎತ್ತಿ ನೋಡಿದೆ. ಆಕಳ ಸುದ್ದಿ ಹೇಳದೆ ಇರಲಾಗಲಿಲ್ಲ. ಹುಚ್ಚು ಎಂದರೆ ಎನ್ನಲಿ. ಮೂವತ್ತಾರೂ ಇವೆ.

3 ಫೆಬ್ರವರಿ, ಮಧ್ಯಾಹ್ನ

ಹೊಸ ಪಶು ಇನ್ಸ್‌ಪೆಕ್ಟರುಗಳಿಗೆ ಟ್ರೇನಿಂಗ್. ಕಂಟೇನರ್ ಹಿಡಿದು ನಿಲ್ಲುವುದು ನನ್ನ ಕೆಲಸ. ಇಷ್ಟು ವರ್ಷ ಟ್ರೇನಿಂಗ್ ದಿನ ನನ್ನನ್ನು ಸ್ಟೋರಿಗೆ ಹಾಕುತ್ತಿದ್ದರು. ಇವತ್ತೇ ಮೊದಲು ಒಳಗಿದ್ದು ಕೇಳಿದ್ದು.

ಡಾಕ್ಟರು ಹೇಳುತ್ತಿದ್ದರು: "ಡಬ್ಬಿ ಕಂಟೇನರ್ ಕತ್ತಿಂದ ಮೇಲೆ ಬರ್ಲೇಬಾರ್ದು. ಕತ್ತಿನ ಒಳಗೇ ಇಟ್ಕೊಂಡು, ಹತ್ತು ಎಣಿಸೋದ್ರೊಳಗೆ ಕಡ್ಡಿ ತಗೊಂಡು ಇಳಿಸ್ಬಿಡಿ. ಹೊರಗಿನ ಬಿಸಿ ತಾಗಿ ತಾಗಿ ಒಳಗಿರೋ ಜೀವ ಸಾಯುತ್ತೆ. ಮತ್ತೆ ಇಳಿಸಿದ್ರೆ ಸರಿಹೋಗುತ್ತೆ ಅನ್ಕೋಬೇಡಿ. ಕಡ್ಡಿ ಹಂಗೇ ಕಾಣುತ್ತೆ, ಒಳಗೆ ಏನೂ ಇರಲ್ಲ."

ಹತ್ತು.

ನಾನು ಮೂವತ್ತಾರರವರೆಗೆ ಎಣಿಸುತ್ತಿದ್ದೆ. ದಿನಾ. ಎರಡು ವರ್ಷ.

27 ಫೆಬ್ರವರಿ

ಇಷ್ಟು ದಿನ ಬರೆಯಲಾಗಲಿಲ್ಲ. ಡಬ್ಬಿ ಮುಟ್ಟಿಲ್ಲ. ಡಾಕ್ಟರಿಗೆ ಹೇಳಿಲ್ಲ. ಹೇಳುತ್ತೇನೆಂದು ಬಾಗಿಲವರೆಗೆ ಹೋಗುವುದು, "ಏನ್ ಚನ್ನಪ್ಪ?" ಎಂದರೆ "ಏನಿಲ್ಲ ಸಾರ್" ಎಂದು ತಿರುಗಿ ಬರುವುದು. ಹೇಡಿ.

ಒಂದೊಂದು ಸಲ ಅನಿಸುತ್ತದೆ — ಅವನು ಗಟ್ಟಿ ಹೋರಿ. ಬಿಸಿಲಲ್ಲಿ ನಾಲ್ಕು ಎಕರೆ ಉತ್ತು ಬಂದವನು. ತಡೆದುಕೊಂಡಿರಬಹುದು.

6 ಮಾರ್ಚ್

ಬೆಳಿಗ್ಗೆ ಒಂಬತ್ತಕ್ಕೆ ಮಹಾಲಿಂಗಪ್ಪ ಫ್ಯಾಕ್ಟರಿಯಿಂದ ಫೋನ್ ಮಾಡಿದ. ಆಕಳು ಬೆದೆಗೆ ಬಂದಿದೆ. ಹಿಂದಿನ ಎರಡು ಬೆದೆ ಅವರಿಗೆ ಗೊತ್ತೇ ಆಗಿರಲಿಲ್ಲವಂತೆ.

ಡಾಕ್ಟರು ಒಂದು ಕಡ್ಡಿ ಬಿಸಿನೀರಿನಲ್ಲಿ ಕರಗಿಸಿ, ಹನಿ ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದರು. ಇನ್ನೊಂದು ಕರಗಿಸಿದರು. ಮತ್ತೊಂದು. ಆಮೇಲೆ ಎದ್ದು ನನಗೆ ಜಾಗ ಬಿಟ್ಟರು.

ಜರ್ಸಿಯದು ಒಮ್ಮೆ ನೋಡಿದ್ದೆ. ಸಂತೆಯ ಹಾಗೆ ಗಿಜಿಗಿಜಿ. ಇಲ್ಲಿ ಎಲ್ಲ ಮಲಗಿದ್ದವು. ಮೂಲೆಯಲ್ಲಿ ಒಂದೇ ಒಂದು ಇದ್ದಲ್ಲೇ ಸುತ್ತುತ್ತಿತ್ತು. ಮುಂದೆ ಹೋಗಲಿಲ್ಲ. ನಾನು ನೋಡುತ್ತಿದ್ದಂತೆ ಅದೂ ನಿಂತಿತು.

"ಕಂಟೇನರ್ ಏನಾದ್ರೂ ಲೀಕಾ?" ಎಂದರು.

"ನಾನೇ ಸಾರ್. ದಿನಾ ಮೇಲೆತ್ತಿ ನೋಡ್ತಿದ್ದೆ."

ಬಯ್ಯುತ್ತಾರೆಂದುಕೊಂಡೆ. ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ನೋಡೋಕೆ ಏನಿತ್ತಪ್ಪಾ ಅದ್ರಲ್ಲಿ?"

"ಅವ್ನೇ ಇದ್ದ ಸಾರ್."

ಒಂದರಲ್ಲಾದರೂ ಜೀವ ಉಳಿದಿರಬಹುದೆಂದು ಇನ್ನೂ ಮೂರು ಕಡ್ಡಿ ತೆಗೆದುಕೊಂಡು ಜಾಲಹಳ್ಳಿಗೆ ಹೋದೆವು. ಮೂರನ್ನೂ ಹಾಕಿದರು. ರತ್ನವ್ವ ನಮಗೆ ಸಕ್ಕರೆ ಕೊಟ್ಟಳು. ನುಂಗಲಾಗದೆ ಬಾಯಲ್ಲೇ ಇಟ್ಟುಕೊಂಡು ಬಸ್ ಸ್ಟಾಪಿನವರೆಗೆ ಬಂದೆ.

12 ಮಾರ್ಚ್

ಡಾಕ್ಟರು ಇನ್ನೂ ಹತ್ತು ಕಡ್ಡಿ ಕರಗಿಸಿ ನೋಡಿದರು. ಅಷ್ಟೇ. ಉಳಿದ ಇಪ್ಪತ್ತನ್ನು ಎಸೆಯಲು ಮನಸ್ಸಾಗಲಿಲ್ಲ ಅವರಿಗೂ.

"ವಿದೇಶದಲ್ಲಿ ಕಪ್ಪೆ ಕರುಳಿನ ಒಂದು ಜೀವಕಣ ತಗೊಂಡು ಅಂಥದ್ದೇ ಇನ್ನೊಂದು ಕಪ್ಪೆ ಮಾಡಿದಾರೆ. ಮುಂದೆ ದನದಲ್ಲೂ ಮಾಡಬಹುದು. ಸತ್ತೋಗಿರೋ ಜಾತೀನೂ ಎಬ್ಬಿಸಬಹುದು. ಯಾರಿಗ್ಗೊತ್ತು?"

"ಹಂಗಾದ್ರೆ ಅವನ ಕಿವಿಯ ಚೂರು ಒಂದು ಇಟ್ಕೊಂಡಿದ್ರೆ ಆಗ್ತಿತ್ತಾ ಸಾರ್?"

"ಆವಾಗ ನಮಗೆಲ್ಲಿ ಗೊತ್ತಿತ್ತು."

ಮಧ್ಯಾಹ್ನ ನೀಲಗಿರಿ ಮರಗಳ ಆಚೆ ಹೋಗಿ ಸುಮ್ಮನೆ ಕೂತಿದ್ದೆ. ಅಗೆದರೆ ಏನು ಸಿಗುತ್ತದೆ... ಎಲುಬು. ಅವನು ಬೇಕು ನನಗೆ. ತುಂಬಾ ಬೇಕು.

28 ಮಾರ್ಚ್

ಇಪ್ಪತ್ತೆರಡನೇ ದಿನ. ಆಕಳು ಮತ್ತೆ ಬೆದೆಗೆ ಬಂದಿದೆ. ಗಬ್ಬ ನಿಲ್ಲಲಿಲ್ಲ.

ರತ್ನವ್ವ ತಾನೇ ಲ್ಯಾಬಿಗೆ ಬಂದಳು. ಡಾಕ್ಟರು ಮೀಟಿಂಗಿಗೆ ಹೋಗಿದ್ದರು. ನಾನೊಬ್ಬನೇ.

"ಆಕೀದs ತಪ್ಪು ಬಿಡ್ರಿ ಅಣ್ಣಾರ. ವಯಸ್ಸಾಗೈತಿ. ನೀವು ಪಾಪ ಮೂರು ಕಡ್ಡಿ ಹಾಕೀರಿ, ಆಕಿ ಹಿಡೀಲಿಲ್ಲ. ನಮ್ಮ ಮನಿಯವ್ರು ಗೊಡ್ಡ ಐತಿ ಅಂತ ಹೇಳಿ ಗಿರಾಕೀನ್ನ ನೋಡ್ಯಾರ. ಶನಿವಾರ ಹೊಡ್ಕೊಂಡ ಹೊಕ್ಕಾರಂತ. ಇನ್ನೊಮ್ಮೆ ಹಾಕ್ರಿ. ನಿಮ್ಮ ಕಾಲ ಬೀಳ್ತೀನಿ."

"ನಾಳೆ ಬರ್ತೀನಿ ತಂಗಿ" ಎಂದೆ. ಅಷ್ಟೇ ಬಂತು ಬಾಯಿಗೆ.

29 ಮಾರ್ಚ್, ಬೆಳಿಗ್ಗೆ 7.15

ಖಾಲಿ ಕೈಯಲ್ಲಿ ಹೋಗುತ್ತಿದ್ದೇನೆ. ಬಸ್ಸಿಗೆ ಇನ್ನೂ ಹೊತ್ತಿದೆ. ಹೇಳುವುದನ್ನು ಒಮ್ಮೆ ಬರೆದುಕೊಂಡರೆ ಬಾಯಿ ತಡವರಿಸುವುದಿಲ್ಲ.

ಗಂಡನೂ ಇರಬೇಕು, ಅವನ ಎದುರಿಗೇ ಹೇಳಬೇಕು. ಆಕಳು ಗೊಡ್ಡಲ್ಲ, ಮಾರಬ್ಯಾಡ್ರಿ. ಆಕಿದು ಏನೂ ತಪ್ಪಿಲ್ಲ. ತಂಗೀ, ಆ ಕಡ್ಡಿಯೊಳಗ ಜೀವ ಇರಲಿಲ್ಲ. ಯಾಕ ಇರಲಿಲ್ಲ ಅಂದ್ರ ನಾನು ದಿನಾ ಮ್ಯಾಲೆತ್ತಿ ಎಣಸ್ತಿದ್ದೆ.