ಕಲ್ಲಿನ ಮೇಲಿನ ‘ನಾನು’

ನವೆಂಬರ್ 2, ಭಾನುವಾರ. ಡ್ಯಾಂಡಿನಾಂಗ್.

ನಾನು ಹೇಳಿದ ಆ ‘ಅಲ್ಲ’ ಇನ್ನೂ ಕಿವಿಯಲ್ಲೇ ಇದೆ.

ತಪ್ಪು ನನ್ನದೇ. ಲೈಬ್ರರಿಯ ಪ್ರಾಚೀನ ಗ್ರೀಕ್ ಕವಿತೆಯ ತರಗತಿಯಲ್ಲಿ ಡೆಸ್ಪಿನಾ ಟೀಚರ್ ಹೇಳಿದ್ದಕ್ಕೆ ಮರುಳಾದೆ. ಆ ಕಾಲದ ಗೋರಿಯ ಪದ್ಯಗಳಲ್ಲಿ ಸತ್ತವರೇ ‘ನಾನು’ ಎಂದು ಮಾತಾಡುತ್ತಾರಂತೆ. ಗಟ್ಟಿಯಾಗಿ ಓದಿದವರ ಬಾಯಿ ಅಷ್ಟು ಹೊತ್ತು ಸತ್ತವರದಂತೆ. ನನ್ನ ಗಂಡನ ಗೋರಿಯ ಕಲ್ಲಿನ ಮೇಲೂ ಹಾಗೇ ಕೆತ್ತಿಸಿದೆ, ಅದೂ ಕನ್ನಡದಲ್ಲಿ. ಈ ಪರದೇಶದ ಊರಲ್ಲಿ ಯಾರು ಓದುತ್ತಾರೆ ಎಂದುಕೊಂಡಿದ್ದೆ.

ಇವತ್ತು ನಮ್ಮ ಚರ್ಚಿನ ಮೃತರ ಸ್ಮರಣೆಯ ದಿನ. ಸ್ಮಶಾನದ ನಲ್ಲಿಯಲ್ಲಿ ಹೂವಿಗೆ ನೀರು ಹಿಡಿದು ಗೋರಿಯ ಹತ್ತಿರ ವಾಪಸ್ ಬರುವಾಗ ಯಾರೋ ಒಬ್ಬರು, ಮೈಸೂರು ಕಡೆಯವರಿರಬೇಕು, ಕನ್ನಡ ಕಂಡ ಖುಷಿಗೆ ನಿಂತು ಗಟ್ಟಿಯಾಗಿ ಓದುತ್ತಿದ್ದರು.

“ನಾನು ಮೆಲ್ವಿನ್. ಲವೀನಾಳನ್ನು ಪ್ರೀತಿಸಿದೆ. ಅವಳಿಗಾಗಿ ಇಲ್ಲಿ ಕಾಯುತ್ತಿದ್ದೇನೆ.”

“ಬಂದೆ ಮಾರಾಯಾ,” ಎಂದುಬಿಟ್ಟೆ, ಹತ್ತೊಂಬತ್ತು ವರ್ಷ ಅಡುಗೆಮನೆಯಿಂದ ಕೂಗಿದ ಹಾಗೇ.

ಅವರು ಬೆಚ್ಚಿ ತಿರುಗಿದರು. “ಆಂಟಿ, ಈ ಲವೀನಾ ಅಂದ್ರೆ ನೀವೇನಾ?”

“ಅಲ್ಲ,” ಎಂದೆ.

ನಾಚಿಕೆಯಾಗಿತ್ತು, ಅಷ್ಟೇ. ಪರಪುರುಷನ ಮುಂದೆ ಹಾಗೆ ಓಗೊಟ್ಟಿದ್ದಕ್ಕೆ. ಆದರೆ ಮೆಲ್ವಿನ್, ಓದುವಾಗ ಆ ಬಾಯಿ ನಿನ್ನದಾಗಿದ್ದರೆ, ಆಗ ಆ ಕಿವಿಯೂ ನಿನ್ನದೇ. ನಾನು ‘ಅಲ್ಲ’ ಎಂದದ್ದು ನಿನಗೂ ಕೇಳಿಸಿತಾ?