ನಮ್ಮ ಪಟ್ಟಿಯ ಮೊದಲನೇ ಸಿನಿಮಾ

ಫೆಬ್ರವರಿ 2, ಭಾನುವಾರ, ಸಂಜೆ

ಮತ್ತೆ ತಮ್ಮನ ಜೊತೆ ಜಗಳ. ನಮ್ಮ ಸಿನಿಮಾ ಪಟ್ಟಿಯಲ್ಲಿ ‘ಛತ್ರಿ ಯುದ್ಧ’ ಐದರಿಂದ ನಾಲ್ಕಕ್ಕೆ ಬರಬೇಕಂತೆ. ಸುತಾರಾಂ ಒಪ್ಪಲಿಲ್ಲ. ಆ ಸಿನಿಮಾದಲ್ಲಿ ಒಂದೂವರೆ ಗಂಟೆ ಬರೀ ಓಟ. ಓಡಿದ, ಬಿದ್ದ, ಎದ್ದ, ಛತ್ರಿ ಬಿಚ್ಚಿದ, ಹಾರಿದ, ಮತ್ತೆ ಬಿದ್ದ — ಹೇಳಿ ಹೇಳಿ ನನ್ನ ಗಂಟಲು ಒಣಗುತ್ತದೆ. ತಮ್ಮನಿಗೇನು, ಸೋಫಾದ ಮೇಲೆ ಕಾಲು ಚಾಚಿ ಬಿಸ್ಕೆಟ್ ತಿನ್ನುತ್ತಾ “ಆಮೇಲೆ? ಆಮೇಲೆ?” ಅನ್ನುತ್ತಾನೆ.

“ನಿನಗೆ ಸುಸ್ತಾಗುತ್ತೆ ಅಂತ ಸಿನಿಮಾಕ್ಕೆ ಯಾಕೆ ಶಿಕ್ಷೆ?” ಅಂದ.

“ಗಂಟಲು ನಂದು ಕಣೋ. ಬಾಡಿಗೆಗೆ ತಂದಿದ್ದಲ್ಲ.”

ನಿಯಮ ಹಳೆಯದು. ಹತ್ತು ಕಾರ್ಟೂನ್ ಸಿನಿಮಾ. ಇಬ್ಬರೂ ಒಪ್ಪಿದರೆ ಮಾತ್ರ ಸ್ಥಾನ ಬದಲು. ಅವನು ಬ್ರೈಲ್‌ನಲ್ಲಿ ಚುಚ್ಚಿಟ್ಟುಕೊಂಡಿದ್ದಾನೆ, ನಾನು ಈ ಡೈರಿಯ ಕೊನೆಯ ಪುಟದಲ್ಲಿ. ಅವನಿಗೆ ಹುಟ್ಟಿದಾಗಿನಿಂದ ಕಣ್ಣು ಕಾಣುವುದಿಲ್ಲ. ಬೇರೆ ಸಿನಿಮಾ ಅವನೊಬ್ಬನೇ ನೋಡಿಕೊಳ್ಳುತ್ತಾನೆ — ಜನ ಮಾತಾಡುತ್ತಾರೆ, ಬಾಗಿಲು ಬಡಿಯುತ್ತದೆ, ಗೊತ್ತಾಗುತ್ತದೆ. ಕಾರ್ಟೂನ್‌ನಲ್ಲಿ ಹಾಗಲ್ಲ. ಇದ್ದಕ್ಕಿದ್ದ ಹಾಗೆ ಕೆಟಲ್ ಎದ್ದು ನಡೆಯುತ್ತದೆ. ಅದನ್ನು ಯಾರಾದರೂ ಹೇಳಬೇಕಲ್ಲ. ಆ ಯಾರಾದರೂ ನಾನೇ, ಮೂವತ್ತು ವರ್ಷದಿಂದ.

ಅವನ ಲೆಕ್ಕದಲ್ಲಿ ಒಳ್ಳೆಯ ಸಿನಿಮಾ ಅಂದರೆ ಸದ್ದು ಚೆನ್ನಾಗಿರಬೇಕು. ನನ್ನ ಲೆಕ್ಕದಲ್ಲಿ ಹಾಡು ಜಾಸ್ತಿ ಇರಬೇಕು. ಹಾಡು ಬಂದರೆ ನನಗೆ ಚಹಾ ಕುಡಿಯಲು ಪುರುಸೊತ್ತು. ಅದಕ್ಕೇ ‘ಹಲ್ಲಿ ಬ್ಯಾಂಡ್’ ಎರಡನೇ ಸ್ಥಾನದಲ್ಲಿ ಹಾಯಾಗಿದೆ.

ಛತ್ರಿ ಐದರಲ್ಲೇ. ಮುಖ ಊದಿಸಿಕೊಂಡು ಕೂತಿದ್ದಾನೆ. ನಲವತ್ತೊಂದು ವರ್ಷದ ಗಂಡಸು!

ಫೆಬ್ರವರಿ 6, ಗುರುವಾರ

ಲ್ಯಾಬ್‌ನಲ್ಲಿ ಬೆಳಗ್ಗೆ ಏಳಕ್ಕೇ ನಲವತ್ತು ಜನ. ಎಲ್ಲರದೂ ಖಾಲಿ ಹೊಟ್ಟೆ, ಎಲ್ಲರಿಗೂ ಸಿಟ್ಟು. ರಕ್ತ ತೆಗೆಯುವುದು ನನ್ನ ಕೆಲಸ ಅನ್ನುವುದು ಬಿಟ್ಟು ನನ್ನ ಚಟ ಅನ್ನುವ ಹಾಗೆ ನೋಡುತ್ತಾರೆ. ಒಬ್ಬ ಅಜ್ಜನ ನರ ಮೂರನೇ ಸಲಕ್ಕೆ ಸಿಕ್ಕಿತು. ಪಾಪ, ಆತನೇ ನನ್ನನ್ನು ಸಮಾಧಾನ ಮಾಡಿದ.

ಮನೆಗೆ ಬಂದರೆ ತಮ್ಮ ಫೋನ್ ಹಿಡಿದು ಹಲ್ಲು ಕಿರಿಯುತ್ತಿದ್ದಾನೆ. ಆ ಕಡೆ ಮೇಡಂ. ಇಬ್ಬರ ಮದುವೆಗೆ ಇನ್ನು ಮೂರು ವಾರ, ಇವರ ಮಾತಿಗೆ ಮಾತ್ರ ಕೊನೆ ಇಲ್ಲ.

ಇವನದು ಕರೆಂಟ್ ಆಫೀಸಿನಲ್ಲಿ ದೂರು ಕೇಳುವ ಫೋನಿನ ಕೆಲಸ. ದಿನಕ್ಕೆ ನೂರು ಜನ ಬೈಯುತ್ತಾರೆ. ಹೋದ ವರ್ಷ ಒಬ್ಬರು ಪ್ರೈಮರಿ ಸ್ಕೂಲ್ ಟೀಚರ್ ಫೋನ್ ಮಾಡಿ “ನೀವೊಂದ್ಸಲ ಕತ್ತಲಲ್ಲಿ ಕೂತು ನೋಡಿ, ಆಗ ಗೊತ್ತಾಗುತ್ತೆ” ಅಂತ ಕೂಗಾಡಿದ್ದರು. ಇವನು ತಣ್ಣಗೆ, “ಹುಟ್ಟಿದಾಗಿಂದ ಅಲ್ಲೇ ಕೂತಿದೀನಿ ಮೇಡಂ, ಅಭ್ಯಾಸ ಆಗುತ್ತೆ” ಅಂದನಂತೆ. ಮರುದಿನ ಕ್ಷಮೆ ಕೇಳಲು ಫೋನ್. ಅದರ ಮರುದಿನ ಸುಮ್ಮನೆ ಫೋನ್.

ಮೊದಲ ಸಲ ಚಹಾ ಅಂಗಡಿಯಲ್ಲಿ ಭೇಟಿಯಾದಾಗ ನಾನೂ ಜೊತೆಗಿದ್ದೆ. ಮೇಡಂ ಸದ್ದೇ ಇಲ್ಲದೆ ನಗುವವರು. ಇವನು ಜೋಕ್ ಹೇಳಿ ಬೆಪ್ಪನ ಹಾಗೆ ಕಾಯುತ್ತಿದ್ದ. ನಾನೇ ಕಿವಿಯಲ್ಲಿ, “ನಗ್ತಿದಾರೆ ಕಣೋ, ಕಣ್ಣು ಮುಚ್ಕೊಂಡು ನಗ್ತಿದಾರೆ” ಅಂದೆ. ಅದಾದ ಮೇಲೆ ಇವನನ್ನು ಹಿಡಿಯುವವರೇ ಇರಲಿಲ್ಲ.

ಫೋನ್ ಇಟ್ಟವನು ಹೇಳಿದ — ಹದಿನಾರನೇ ತಾರೀಖು ಮೇಡಂಗೆ ನಮ್ಮ ನಂಬರ್ ಒನ್ ಸಿನಿಮಾ ತೋರಿಸುತ್ತಾನಂತೆ. “ಈ ಸಲ ಅವರೇ ನನಗೆ ಹೇಳ್ತಾರೆ. ನೀನು ರೆಸ್ಟ್ ತಗೋ ಅಕ್ಕ.”

ಶೆಲ್ಫಿನಲ್ಲಿದ್ದ ಅದರ ಡಿಸ್ಕ್ ಕಡೆ ನೋಡಿದೆ.

ಫೆಬ್ರವರಿ 7

ಬರೆದುಬಿಡುತ್ತೇನೆ. ಇಷ್ಟು ವರ್ಷ ಎಲ್ಲೂ ಬರೆದಿಲ್ಲ.

‘ದೀಪಸ್ತಂಭದ ನಾಯಿ’. ಹೆಸರು ತಮ್ಮನೇ ಇಟ್ಟಿದ್ದು. ನಿಜವಾದ ಹೆಸರು ನಮ್ಮ ನಾಲಿಗೆಯಲ್ಲಿ ಹೊರಳುವುದಿಲ್ಲ. ಸಮುದ್ರದ ನಡುವೆ ಒಂದು ದೀಪಸ್ತಂಭ, ಅದನ್ನು ಕಾಯುವ ಒಬ್ಬ ಮುದುಕ, ಅವನ ನಾಯಿ. ಕೊನೆಯ ಏಳು ನಿಮಿಷ ಮಾತೇ ಇಲ್ಲ, ಬರೀ ಪಿಟೀಲು. ಬಿರುಗಾಳಿಯಲ್ಲಿ ಮುದುಕ ಯಾರನ್ನೋ ಉಳಿಸಲು ದೋಣಿ ತೆಗೆದುಕೊಂಡು ಹೋಗುತ್ತಾನೆ. ನಾಯಿ ಮೆಟ್ಟಿಲ ಮೇಲೆ ಕಾಯುತ್ತದೆ. ಹಿಮ ಬೀಳುತ್ತದೆ, ಕರಗುತ್ತದೆ. ಮುದುಕ ಬರುವುದಿಲ್ಲ. ನಾಯಿ ಕೂತೇ ಇರುತ್ತದೆ. ಮುಗಿಯಿತು.

ಅದು ಟಿವಿಯಲ್ಲಿ ಬಂದಾಗ ಅಪ್ಪ ತೀರಿಹೋಗಿ ಎರಡು ತಿಂಗಳಾಗಿತ್ತು. ಇವನಿಗೆ ಹನ್ನೆರಡು, ನನಗೆ ಹದಿನೇಳು. ಎರಡು ತಿಂಗಳಿಂದ ಇವನು ಹೂಂ, ಉಹೂಂ ಬಿಟ್ಟು ಬೇರೆ ಮಾತಾಡಿರಲಿಲ್ಲ. ಪಿಟೀಲು ಶುರುವಾದದ್ದೇ ನನ್ನ ತೋಳು ಹಿಡಿದ. “ಅಕ್ಕ, ಬಂದ್ನಾ? ತಾತ ಬಂದ್ನಾ?”

“ಬಂದ” ಅಂದೆ.

ಬಂದ ಅಂದ ಮೇಲೆ ಅರ್ಧಕ್ಕೆ ಬಿಡುವ ಹಾಗಿಲ್ಲ. ದೋಣಿಯನ್ನು ದಡಕ್ಕೆ ತಂದೆ. ನಾಯಿಯನ್ನು ನೀರಿಗೆ ಹಾರಿಸಿದೆ. ಅದು ಮುದುಕನ ಟೋಪಿ ಕಚ್ಚಿಕೊಂಡು ಮರಳಿನ ಮೇಲೆಲ್ಲ ಓಡಿತು. ಇವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ಕೇಳಿ ಅಮ್ಮ ಒದ್ದೆ ಕೈಯಲ್ಲೇ ಅಡುಗೆಮನೆಯಿಂದ ಓಡಿ ಬಂದಳು. ಟಿವಿ ನೋಡಿದಳು, ನನ್ನನ್ನು ನೋಡಿದಳು, ಏನೂ ಹೇಳದೆ ಒಳಗೆ ಹೋದಳು. ಈಗ ಅಮ್ಮನೂ ಇಲ್ಲ. ಗೊತ್ತಿರುವುದು ನನಗೊಬ್ಬಳಿಗೇ.

ಅಂದಿನಿಂದ ನಂಬರ್ ಒನ್. ಡಿಸ್ಕ್ ಕೊಂಡೆವು. ವರ್ಷಕ್ಕೊಮ್ಮೆ ನೋಡಲೇಬೇಕು. ಒಂದೇ ಸುಳ್ಳನ್ನು ಇಪ್ಪತ್ತೊಂಬತ್ತು ವರ್ಷ ತಪ್ಪದೆ ಹೇಳುವುದೇನು ಹುಡುಗಾಟವೇ? ಒಂದು ಸಲ ದೋಣಿ ಹಸಿರು ಅಂದುಬಿಟ್ಟೆ. “ಹೋದ್ಸಲ ನೀಲಿ ಅಂದಿದ್ದೆ!” ಅಂತ ಹಿಡಿದ. ಟಿವಿ ಬಣ್ಣ ಕೆಟ್ಟಿದೆ ಅಂದೆ.

ಲ್ಯಾಬ್‌ನಲ್ಲಿ ಇಪ್ಪತ್ತು ವರ್ಷದಲ್ಲಿ ಒಬ್ಬರ ರಿಪೋರ್ಟ್‌ನಲ್ಲೂ ಒಂದು ಪಾಯಿಂಟ್ ತಿದ್ದಿದವಳಲ್ಲ ನಾನು. ಮನೆಯಲ್ಲಿ ಸತ್ತವನನ್ನು ವರ್ಷಾ ವರ್ಷಾ ಎಬ್ಬಿಸಿಕೊಂಡು ಬಂದಿದ್ದೇನೆ.

ಫೆಬ್ರವರಿ 9, ಭಾನುವಾರ

ಡಿಸ್ಕ್ ಈಗ ಲ್ಯಾಬ್‌ನ ನನ್ನ ಲಾಕರಿನಲ್ಲಿದೆ, ಕೈಗವಸಿನ ಡಬ್ಬದ ಕೆಳಗೆ. ನಲವತ್ತಾರು ವರ್ಷದ ಹೆಂಗಸು ಮಾಡುವ ಕೆಲಸವೇ ಇದು?

ಬೆಳಗ್ಗೆಯಿಂದ ಇವನು ಶೆಲ್ಫ್ ತಡಕಿದ್ದೇ ತಡಕಿದ್ದು.

“ಎಲ್ಲಿಟ್ಟೆ ಅಕ್ಕ?”

“ಯಾರಿಗೋ ಕೊಟ್ಟೆ ಅನ್ಸುತ್ತೆ.”

“ಯಾರಿಗೆ?”

“ನೆನಪಿಲ್ಲ ಕಣೋ.”

“ಯಾವ ಟ್ಯೂಬ್ ಯಾರ ರಕ್ತ ಅಂತ ನೆನಪಿರುತ್ತೆ, ಇದು ನೆನಪಿಲ್ವಾ?” ಅಂತ ರೇಗಿದ.

ಫೆಬ್ರವರಿ 11

ಸಿನಿಮಾ ಮೇಡಂ ಲ್ಯಾಪ್‌ಟಾಪ್‌ನಲ್ಲೇ ಸಿಕ್ಕಿತಂತೆ. ಇವನು ಕುಣಿಯುವುದೊಂದು ಬಾಕಿ. ಹಾಳಾದ ಇಂಟರ್ನೆಟ್.

ಫೆಬ್ರವರಿ 14, ಮಧ್ಯಾಹ್ನ

ಊಟದ ಬಿಡುವಿನಲ್ಲಿ ಮೇಡಂ ಸ್ಕೂಲಿಗೆ ಹೋಗಿ ಬಂದೆ. ಒಂದನೇ ಕ್ಲಾಸಿನ ಕುರ್ಚಿಯಲ್ಲಿ ಇಬ್ಬರೂ ಮಂಡಿ ಗದ್ದಕ್ಕೆ ತಾಗಿಸಿಕೊಂಡು ಕೂತೆವು. ಎಲ್ಲ ಹೇಳಿದೆ. ಭಾನುವಾರ ನೀವೂ ಮುದುಕನನ್ನು ವಾಪಸ್ ಕರೆತನ್ನಿ ಅಂದೆ. ಹೇಗೆ ಹೇಳಬೇಕು ಅಂತ ಒಂದು ಹಾಳೆಯಲ್ಲಿ ಬರೆದುಕೊಂಡೇ ಹೋಗಿದ್ದೆ — ನಿಮಿಷ ಸಮೇತ.

ಮೇಡಂ ಹಾಳೆ ಪೂರ್ತಿ ಓದಿದರು. ಟೋಪಿಯ ಹತ್ತಿರ ನಕ್ಕರು. ಆಮೇಲೆ ಮಡಚಿ ನನ್ನ ಕೈಗೇ ಕೊಟ್ಟರು.

“ನೀವು ಹೇಳು ಅಂದ್ರೆ ಹೇಳ್ತೀನಿ ಅಕ್ಕ. ಆದ್ರೆ ಆಮೇಲೆ ನಾವಿಬ್ರೂ ಇದನ್ನ ಎಷ್ಟು ವರ್ಷ ನೆನಪಿಟ್ಕೋಬೇಕು? ನನಗೆ ಮಕ್ಕಳ ಹೆಸರೇ ನೆನಪಿರಲ್ಲ.”

ತಮಾಷೆಯಾಗಿಯೇ ಹೇಳಿದರು. ಆದರೆ ನನಗೆ ನಾಚಿಕೆಯಾಯಿತು. ಮದುವೆಗೆ ಮುಂಚೆಯೇ ಒಬ್ಬಳಿಗೆ ಸುಳ್ಳಿನ ಟ್ಯೂಷನ್ ಕೊಡಲು ಹೋಗಿದ್ದೆನಲ್ಲ. ನಾನೇ ಹೇಳುತ್ತೇನೆ ಅಂತ ಎದ್ದೆ. ಕುರ್ಚಿಯೂ ನನ್ನ ಜೊತೆಗೇ ಎದ್ದಿತು. ಮೇಡಂ ಎಳೆದು ಬಿಡಿಸಿದರು.

ಫೆಬ್ರವರಿ 15, ಶನಿವಾರ, ಸಂಜೆ

ಹೇಳಿದೆ.

ಬೈಯುತ್ತಾನೆ ಅಂದುಕೊಂಡಿದ್ದೆ. ಬೈಯಲಿಲ್ಲ. “ಟೋಪಿ?” ಅಂದ.

“ಟೋಪಿನೂ ಇಲ್ಲ.”

“ಇಪ್ಪತ್ತೊಂಬತ್ತು ವರ್ಷ?”

“ಮೊದಲು ನೀನು ಚಿಕ್ಕವನಿದ್ದೆ. ಆಮೇಲೆ... ಆಮೇಲೆ ಹೇಳೋಕೆ ಆಗಲಿಲ್ಲ ಕಣೋ.”

“ಅಪ್ಪ ಬರಲ್ಲ ಅಂತ ನನಗೆ ಗೊತ್ತಿತ್ತು ಅಕ್ಕ. ಹನ್ನೆರಡು ವರ್ಷ ಆಗಿತ್ತು, ಅಷ್ಟೂ ಗೊತ್ತಾಗಲ್ವಾ? ಸಿನಿಮಾದಲ್ಲಿ ಏನಾಯ್ತು ಅಂತ ಕೇಳಿದೆ, ಅಷ್ಟೇ.”

ಎದ್ದು ನಿಂತ. ಬಾಗಿಲ ಹತ್ತಿರ ಹೋಗಿ ನಿಂತು ಕೇಳಿದ, “ಅವತ್ತು ಚಹಾ ಅಂಗಡಿಯಲ್ಲಿ ಮೇಡಂ ನಕ್ರು ಅಂದ್ಯಲ್ಲ. ನಕ್ಕಿದ್ರಾ?”

“ನಕ್ಕಿದ್ರು ಕಣೋ! ಆಣೆಗೂ ನಕ್ಕಿದ್ರು!”

“ನೀನು ಹಾಗೇ ಅಂತೀಯ” ಅಂದ. ಅವನ ಕೋಣೆಯ ಬಾಗಿಲು ಮುಚ್ಚಿತು.

ನಿಜ ಹೇಳಿದ್ದೆ. ನಿಜವೇ ಹೇಳಿದ್ದೆ. ಈಗ ಅದೂ ಸುಳ್ಳಿನ ಜೊತೆಗೇ ಹೋಯಿತು.

ಫೆಬ್ರವರಿ 20

ಐದು ದಿನ. ಭಾನುವಾರದ ಸಿನಿಮಾ ರದ್ದು. ಊಟಕ್ಕೆ ಬರುತ್ತಾನೆ, ತಿನ್ನುತ್ತಾನೆ, ತಟ್ಟೆ ತೊಳೆದಿಡುತ್ತಾನೆ. ಉಪ್ಪು ಬೇಕಾದರೆ ತಾನೇ ಎದ್ದು ಹುಡುಕಿಕೊಳ್ಳುತ್ತಾನೆ.

ಇವತ್ತು ಬೆಳಗ್ಗೆ ಕಿಟಕಿಯಿಂದ ನೋಡಿದೆ. ಕೆಳಗೆ ಚಪ್ಪಲಿ ರಿಪೇರಿಯವನ ಹತ್ತಿರ ನಿಂತು ತನ್ನ ಶರ್ಟು ತೋರಿಸುತ್ತಿದ್ದ. “ಇದು ಯಾವ ಬಣ್ಣ ಸ್ವಲ್ಪ ಹೇಳ್ತೀರಾ?”

ನೀಲಿ. ನೆನ್ನೆ ನಾನೇ ಇಸ್ತ್ರಿ ಮಾಡಿ, ನೀಲಿ ಅಂತ ಹೇಳಿ ಇಟ್ಟಿದ್ದೆ. ಚಪ್ಪಲಿಯವನೂ ನೀಲಿ ಅಂದಿರಬೇಕು. ತಲೆಯಾಡಿಸಿ ಬಸ್ಸಿಗೆ ಹೋದ.

ಸಿಂಕಿನ ನಲ್ಲಿ ಬಿಟ್ಟುಕೊಂಡು ಅತ್ತೆ. ಲ್ಯಾಬ್‌ಗೆ ಅರ್ಧ ಗಂಟೆ ಲೇಟ್.

ಫೆಬ್ರವರಿ 23, ಭಾನುವಾರ, ಸಂಜೆ ಏಳು

ಬೆಳಗ್ಗೆ ಬಂದು ಎದುರು ನಿಂತ. “ಡಿಸ್ಕ್ ಯಾರಿಗೂ ಕೊಟ್ಟಿಲ್ಲ ತಾನೇ?”

“ಲಾಕರಲ್ಲಿದೆ.”

“ತಗೊಂಡ್ ಬಾ. ಮೇಡಂಗೂ ಬರೋಕೆ ಹೇಳಿದೀನಿ. ನೀನು ಹೇಳು. ಅವರು ಚೆಕ್ ಮಾಡ್ತಾರೆ.”

ಪರೀಕ್ಷೆಗೆ ಕೂತ ಹಾಗಿತ್ತು. ನಡುವೆ ಇವನು, ಆ ಕಡೆ ಮೇಡಂ, ಈ ಕಡೆ ನಾನು. ಪ್ರತಿ ಮಾತಿಗೂ ಆ ಕಡೆ ತಿರುಗುತ್ತಿದ್ದ.

“ದೋಣಿ ನೀಲಿ” ಅಂದೆ.

“ಹೌದಾ ಮೇಡಂ?”

“ಹೌದು.”

“ನಾಯಿಯ ಒಂದು ಕಿವಿ ಮಡಚಿದೆ.”

“ಹೌದಾ?”

“ಹೌದು, ಎಡಗಡೆದು.”

ಮುಕ್ಕಾಲು ಗಂಟೆ ಹೀಗೇ. ನನಗೂ ರೇಗಿತು. ‘ಮುದುಕ ಸೀನಿದ’ ಅಂದಾಗಲೂ “ಹೌದಾ?” ಅಂದ. “ಅದು ನಿನಗೇ ಕೇಳಿಸ್ತಲ್ಲೋ!” ಅಂತ ಗದರಿದೆ. ಮೇಡಂ ತಲೆ ತಗ್ಗಿಸಿದರು, ಭುಜ ಕುಲುಕುತ್ತಿತ್ತು. ನಗ್ತಿದಾರೆ ಅಂತ ಇವನಿಗೆ ಹೇಳಬೇಕು ಅನ್ನಿಸಿತು, ಹೇಳಲಿಲ್ಲ. ನಂಬದಿದ್ದರೆ?

ಪಿಟೀಲು ಶುರುವಾಯಿತು. ಬಾಯಿ ತೆರೆದರೆ ಹಳೆಯ ಮಾತೇ ತಾನಾಗಿ ಬರುತ್ತಿತ್ತು. ತಡೆದೆ. ಪರದೆಯನ್ನೇ ನೋಡಿದೆ. ನಿಜ ಹೇಳಬೇಕೆಂದರೆ, ಆ ಏಳು ನಿಮಿಷವನ್ನು ನಾನೂ ಸರಿಯಾಗಿ ನೋಡಿರಲಿಲ್ಲ. ಇಷ್ಟು ವರ್ಷವೂ ಇವನ ಮುಖ ನೋಡಿಕೊಂಡೇ ಹೇಳಿದ್ದೆ.

“ದೋಣಿ ಚಿಕ್ಕದಾಗ್ತಾ ಇದೆ. ಈಗ ಚುಕ್ಕಿ. ಈಗ ಇಲ್ಲ. ನಾಯಿ ಮೂರನೇ ಮೆಟ್ಟಿಲ ಮೇಲೆ ಕೂತಿದೆ. ಬೆಳಗಾಯ್ತು. ನಾಯಿ ಎದ್ದು ಒಂದು ಮೆಟ್ಟಿಲು ಕೆಳಗೆ ಬಂತು. ಹಿಮ ಬೀಳ್ತಿದೆ, ಬೆನ್ನು ಬಿಳಿ ಆಗಿದೆ, ಕೊಡವಿಕೊಳ್ತಿಲ್ಲ. ಹಿಮ ಹೋಯ್ತು. ಮೆಟ್ಟಿಲ ಸಂದಿಯಲ್ಲಿ ಹುಲ್ಲು ಬಂದಿದೆ. ನಾಯಿ ಸಮುದ್ರ ನೋಡ್ತಾ ಇದೆ.”

ಇವನು ‘ಹೌದಾ’ ಅನ್ನಲಿಲ್ಲ. ಒಂದು ಸಲವೂ ಅನ್ನಲಿಲ್ಲ.

ಮುಗಿದ ಮೇಲೆ ಬ್ರೈಲ್ ಹಾಳೆ ತೆಗೆದ.

“ಇದು ಆರಕ್ಕೆ ಹೋಗ್ಲಿ.”

“ಯಾಕೋ? ನಿಜವಾದ್ದು ಇನ್ನೂ ಚೆನ್ನಾಗಿದೆ.”

“ಚೆನ್ನಾಗಿದೆ. ಆದ್ರೆ ಪ್ರತಿ ವರ್ಷ ನೋಡೋ ಧೈರ್ಯ ಇಲ್ಲ.”

“ಹಾಗಾದ್ರೆ ಛತ್ರಿ ನಾಲ್ಕಕ್ಕೆ ಬಂತಲ್ಲೋ!” ಅಂದೆ.

“ಬರಲಿ. ಅನುಭವಿಸು” ಅಂದ. ಎಂಟು ದಿನದ ನಂತರ ಮೊದಲ ಸಲ ಅವನ ಬಾಯಲ್ಲಿ ಕುಚೇಷ್ಟೆ. ಮೇಡಂ ಹೊರಟಾಗ ಬಾಗಿಲ ತನಕ ಹೋದ. ನನ್ನ ಹತ್ತಿರ ಮಾತ್ರ ಬೇರೇನೂ ಕೇಳಲಿಲ್ಲ. ಶರ್ಟಿನ ಬಣ್ಣವನ್ನೂ ಕೇಳಲಿಲ್ಲ.

ಫೆಬ್ರವರಿ 27, ಬೆಳಗ್ಗೆ 11.40

ರಿಜಿಸ್ಟ್ರಾರ್ ಆಫೀಸಿನ ವರಾಂಡ. ಒಳಗೆ ಇನ್ನೊಂದು ಜೋಡಿ. ನಾವು ಮೂವರು ಬೆಂಚಿನ ಮೇಲೆ — ಆ ತುದಿಗೆ ಮೇಡಂ, ನಡುವೆ ಇವನು, ಈ ತುದಿಗೆ ನಾನು, ಡೈರಿ ಮಡಿಲಲ್ಲಿ.

ಬಂದು ಇಪ್ಪತ್ತು ನಿಮಿಷವಾಯಿತು, ಮೇಡಂ ಒಂದು ಮಾತೂ ಆಡಿಲ್ಲ. ಇವನು ಎರಡು ಜೋಕ್ ಹೇಳಿದ. ಆ ಕಡೆಯಿಂದ ಸದ್ದಿಲ್ಲ. ಮೂರನೆಯದಕ್ಕೆ ಬಾಯಿ ತೆರೆದು ಮುಚ್ಚಿದ. ಬೆರಳಿನಿಂದ ಬೆಂಚು ಕುಟ್ಟಿದ. ಆಮೇಲೆ ನನ್ನ ಕಡೆ ಬಾಗಿದ, ತೀರಾ ಹತ್ತಿರ.

“ಅಕ್ಕ. ಹೇಗಿದಾರೆ?”

ನೋಡಿದೆ. ನಗುತ್ತಿದ್ದಾರೆ ಅನ್ನುವ ಮಾತು ನಾಲಿಗೆಯ ತುದಿಗೇ ಬಂದಿತ್ತು. ಮದುವೆಯ ದಿನ ಒಬ್ಬ ಗಂಡಸಿಗೆ ಇನ್ನೇನು ಹೇಳಬೇಕು?

“ನಗ್ತಿಲ್ಲ ಕಣೋ. ತುಂಬಾ ಹೆದರಿದಾರೆ. ಉಗುರು ಕಚ್ತಿದಾರೆ. ಕಣ್ಣಲ್ಲಿ ನೀರಿದೆ.”

ಇವನು ಮೇಡಂ ಕಡೆ ತಿರುಗಿ ಹೌದಾ ಅಂತ ಕೇಳಲಿಲ್ಲ. ತಕ್ಷಣ ಆ ಕಡೆ ಕೈ ಚಾಚಿದ, ಬೆಂಚಿನ ಮೇಲೆ ತಡಕಿದ. ಮೇಡಂ ಉಗುರು ಕಚ್ಚುವುದು ಬಿಟ್ಟು ಎರಡೂ ಕೈಯಲ್ಲಿ ಹಿಡಿದುಕೊಂಡರು. ಇವನು ಮೆಲ್ಲಗೆ ಏನೋ ಅಂದ, ನನಗೆ ಕೇಳಿಸಲಿಲ್ಲ.

“ಈಗ?” ಅಂತ ಮತ್ತೆ ನನ್ನ ಕಡೆ ಬಾಗಿದ್ದಾನೆ. “ಈಗ ಹೇಗಿದಾರೆ ಅಕ್ಕ?”

ಈಗ ಮೇಡಂ — ತಾಳು, ಒಳಗಿನಿಂದ ಕರೆಯುತ್ತಿದ್ದಾರೆ. ಸಾಕ್ಷಿ ಸಹಿ ಹಾಕುವವರು ಯಾರು ಅಂತ ಕೇಳುತ್ತಿದ್ದಾರೆ. ಮೊದಲನೆಯವಳು ನಾನೇ.